ಬಾವಿಯ ದಂಡೆಯಿಂದ ರಸ್ತೆಗೆ: ಡೀಸೆಲ್ ಮೋಟಾರ್‌ಸೈಕಲ್ ಮತ್ತು ಅನುಭವ ಕಥನ

ಜಾನಪದ ಅಧ್ಯಯನವು ನೇಗಿಲು, ಗಾಡಿ, ಗಾಣ, ಕಪಿಲೆಗಳನ್ನು ಭೌತಿಕ ಸಂಸ್ಕೃತಿಯ ಅಂಗಗಳೆಂದು ಬಹುಕಾಲದಿಂದ ಪರಿಗಣಿಸುತ್ತ ಬಂದಿದೆ. ಯಂತ್ರ ಬಂದಲ್ಲಿಗೆ ಜಾನಪದ ಮುಗಿಯಿತೆಂಬ ಗ್ರಹಿಕೆಯಿಂದಾಗಿ ಎಂಜಿನ್ನುಗಳು ಮಾತ್ರ ಈ ವ್ಯಾಪ್ತಿಯಿಂದ ಹೊರಗುಳಿದಿವೆ. ಆದರೆ ಯಂತ್ರವೂ ಬಳಸುವವರ ಕೈಯಲ್ಲಿ ಹೊಸ ಮಾತು, ಹೊಸ ತಿಳಿವಳಿಕೆ ಮತ್ತು ಹೊಸ ಕಥನಗಳನ್ನು ಪಡೆಯುತ್ತದೆ. ಭಾರತದಲ್ಲಿ ತಯಾರಾದ ಡೀಸೆಲ್ ಮೋಟಾರ್‌ಸೈಕಲ್ ಇದಕ್ಕೊಂದು ನಿದರ್ಶನ. ಕಾರ್ಖಾನೆಯ ದಾಖಲೆಯಲ್ಲಿ ಅದು ಅಲ್ಪಾಯುವಾದ ಒಂದು ಪ್ರಯೋಗ. ಸವಾರರ ಅನುಭವದಲ್ಲಿ ಅದು ಬಾವಿಯ ದಂಡೆಯ ಎಂಜಿನ್ ರಸ್ತೆಗಿಳಿದ ಚರಿತ್ರೆ.

ರುಡಾಲ್ಫ್ ಡೀಸೆಲ್ ತನ್ನ ಎಂಜಿನ್ನನ್ನು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1897ರಲ್ಲಿ ಯಶಸ್ವಿಯಾಗಿ ನಡೆಸಿ ತೋರಿಸಿದನು. ಇದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಗಾಳಿಯನ್ನು ತೀವ್ರವಾಗಿ ಒತ್ತಿದಾಗ ಉಂಟಾಗುವ ಶಾಖದಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಈ ಒತ್ತಡವನ್ನು ತಾಳಿಕೊಳ್ಳಲು ಎಂಜಿನ್ನಿನ ಭಾಗಗಳು ದಪ್ಪವಾಗಿರಬೇಕಾಗುತ್ತದೆ. ಹೀಗಾಗಿ ತೂಕ ಮತ್ತು ಕಂಪನಗಳೆರಡೂ ಹೆಚ್ಚು. ಹಡಗು, ರೈಲು, ಲಾರಿಗಳಿಗೆ ಒಗ್ಗಿದ ಈ ಎಂಜಿನ್ ಎರಡು ಚಕ್ರದ ವಾಹನಕ್ಕೆ ಸುಲಭವಾಗಿ ಒಗ್ಗದಿರಲು ಇದೇ ಕಾರಣ.

1955ರಲ್ಲಿ ಮದರಾಸಿನಲ್ಲಿ ಆರಂಭವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯು ಬುಲೆಟ್ ವಾಹನದಿಂದ ಪ್ರಸಿದ್ಧವಾಯಿತು. ಅದೇ ಸಂಸ್ಥೆ 1980 ಮತ್ತು 1990ರ ದಶಕಗಳಲ್ಲಿ ಡೀಸೆಲ್ ಮಾದರಿಯನ್ನೂ ಮಾರುಕಟ್ಟೆಗೆ ತಂದಿತು. ಇಟಲಿಯ ಲೊಂಬಾರ್ಡಿನಿ ವಿನ್ಯಾಸದ ಆಧಾರದ ಮೇಲೆ ಗ್ರೀವ್ಸ್ ಸಂಸ್ಥೆ ತಯಾರಿಸಿದ 325 ಸಿ.ಸಿ. ಎಂಜಿನ್ನನ್ನು ಬುಲೆಟ್‌ನ ಚೌಕಟ್ಟಿಗೆ ಜೋಡಿಸಲಾಗಿತ್ತು. 350 ಸಿ.ಸಿ. ಪೆಟ್ರೋಲ್ ಬುಲೆಟ್‌ನ ಶಕ್ತಿ 18 ಅಶ್ವಶಕ್ತಿಯಾಗಿದ್ದರೆ, ಇದರದು ಸುಮಾರು 6.5 ಅಶ್ವಶಕ್ತಿ ಮಾತ್ರ. ಗಂಟೆಗೆ 65 ಕಿ.ಮೀ. ಆಸುಪಾಸಿನಲ್ಲಿ ಇದರ ವೇಗ ಮುಗಿಯುತ್ತಿತ್ತು. ಇದಕ್ಕಿಟ್ಟ ಹೆಸರು ಟಾರಸ್. ಲ್ಯಾಟಿನ್ ಭಾಷೆಯಲ್ಲಿ ಹೋರಿ ಎಂದರ್ಥ. ಓಡುವ ಕುದುರೆಯನ್ನು ಬಿಟ್ಟು ಎಳೆಯುವ ಹೋರಿಯನ್ನು ಆರಿಸಿಕೊಂಡ ಈ ಹೆಸರು ವಾಹನದ ಗುಣಕ್ಕೆ ಒಪ್ಪುವಂತಿದೆ.

ಇಷ್ಟು ನಿಧಾನದ ವಾಹನವನ್ನು ಕೊಳ್ಳಲು ಕಾರಣವೇನು? ಸರಕು ಸಾಗಣೆ, ಬಸ್ಸು ಹಾಗೂ ಬೇಸಾಯಗಳ ಹಿತದೃಷ್ಟಿಯಿಂದ ಸರ್ಕಾರವು ಡೀಸೆಲ್ ಬೆಲೆಯನ್ನು ಪೆಟ್ರೋಲಿಗಿಂತ ಬಹಳ ಕಡಿಮೆಯಿರಿಸಿತ್ತು. ಅದಕ್ಕಿಂತಲೂ ಮುಖ್ಯವಾದುದು, ರೈತನ ಮನೆಯಲ್ಲಿ ಪಂಪ್‌ಸೆಟ್ಟಿಗೋ ಟ್ರ್ಯಾಕ್ಟರಿಗೋ ತಂದಿಟ್ಟ ಡೀಸೆಲ್ ಇರುತ್ತಿತ್ತೆಂಬ ಸಂಗತಿ. ಒಂದೇ ಪೀಪಾಯಿಯಿಂದ ಹೊಲವೂ ನಡೆಯಬೇಕು, ಸವಾರಿಯೂ ನಡೆಯಬೇಕು ಎಂಬುದು ಇಲ್ಲಿನ ತರ್ಕ. ಅಮೆರಿಕದ ಮರೀನ್ ಪಡೆ ಕವಾಸಾಕಿ ಮೋಟಾರ್‌ಸೈಕಲ್ಲೊಂದನ್ನು ಡೀಸೆಲ್ ಎಂಜಿನ್ನಿಗೆ ಮಾರ್ಪಡಿಸಿಕೊಂಡದ್ದೂ ಎಲ್ಲ ವಾಹನಗಳಿಗೂ ಒಂದೇ ಇಂಧನ ಸಾಲಬೇಕೆಂಬ ಕಾರಣಕ್ಕೇ. ಸೇನೆಯ ಯೋಜನೆಯೂ ರೈತನ ಮಿತವ್ಯಯವೂ ಇಲ್ಲಿ ಒಂದೇ ತೀರ್ಮಾನಕ್ಕೆ ಬಂದಿರುವುದು ಗಮನಾರ್ಹ.

ಇಂಧನದೊಂದಿಗೆ ತಿಳಿವಳಿಕೆಯೂ ಬಾವಿಯಿಂದ ರಸ್ತೆಗೆ ಬಂದಿತು. ಪಂಪ್‌ಸೆಟ್ಟಿನ ಟ್ಯಾಂಕು ಬರಿದಾದರೆ ಡೀಸೆಲ್ ಕೊಳವೆಯೊಳಗೆ ಗಾಳಿ ಸೇರುತ್ತದೆ. ಆಗ ನಟ್ಟು ಸಡಿಲಿಸಿ, ನೊರೆ ನಿಂತು ಎಣ್ಣೆ ಬರುವವರೆಗೆ ಕಾಯ್ದು, ಮತ್ತೆ ಬಿಗಿಯಬೇಕು. ‘ಏರ್ ತೆಗೆಯುವುದು’ ಎಂಬ ಈ ಕೆಲಸವನ್ನು ಬಲ್ಲ ರೈತನಿಗೆ ದಾರಿಯಲ್ಲಿ ನಿಂತ ಮೋಟಾರ್‌ಸೈಕಲ್ ಅಪರಿಚಿತವಾಗಿರಲಿಲ್ಲ. ಹೊಗೆ ಕಪ್ಪಾದರೆ ಇಂಧನ ಹೆಚ್ಚಾಗಿದೆ ಅಥವಾ ಗಾಳಿ ಸಾಲದು, ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಬಿಳಿಯಾದರೆ ಡೀಸೆಲ್ ಪೂರ್ತಿ ಉರಿಯುತ್ತಿಲ್ಲ ಎಂಬ ಲಕ್ಷಣಜ್ಞಾನವೂ ಹಾಗೆಯೇ ಎರಡಕ್ಕೂ ಸಮಾನ. ಉತ್ತರ ಭಾರತದಲ್ಲಿ ಹಳೆಯ ಬುಲೆಟ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ ಮೆಕ್ಯಾನಿಕರು, ಬುಲೆಟ್‌ನ ಮುಂಭಾಗಕ್ಕೆ ಇಂಥದೇ ಎಂಜಿನ್ನನ್ನೂ ಗಾಡಿಯನ್ನೂ ಜೋಡಿಸಿ ‘ಛಕಡೊ’ ರೂಪಿಸಿದ ಸೌರಾಷ್ಟ್ರದ ಕುಶಲಕರ್ಮಿಗಳು ಈ ಜ್ಞಾನವನ್ನೇ ಮುಂದುವರಿಸಿದರು.

ಅಮೆರಿಕದ ವಿದ್ವಾಂಸೆ ಸ್ಯಾಂಡ್ರಾ ಡಾಲ್ಬಿ ಸ್ಟಾಲ್ 1989ರ ತಮ್ಮ ಗ್ರಂಥದಲ್ಲಿ ವೈಯಕ್ತಿಕ ಅನುಭವ ಕಥನವನ್ನು ಜಾನಪದದ ಒಂದು ಪ್ರಕಾರವಾಗಿ ವಿವೇಚಿಸಿದ್ದಾರೆ. ವ್ಯಕ್ತಿಯ ಅನುಭವ ಒಬ್ಬನದೇ ಆದರೂ ಅದರೊಳಗಿನ ಮೌಲ್ಯಗಳು ಸಮುದಾಯದವು ಎಂಬುದು ಅವರ ವಾದದ ತಿರುಳು. ಡೀಸೆಲ್ ವಾಹನದ ಕಥನಗಳಿಗೂ ಇದು ಅನ್ವಯಿಸುತ್ತದೆ. ಲೀಟರಿಗೆ ಓಡಿದ ಕಿಲೋಮೀಟರುಗಳ ಸಂಖ್ಯೆ ಹೇಳುವವರಿಂದ ಹೇಳುವವರಿಗೆ ಬದಲಾದೀತು. ಅದನ್ನು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವುದಕ್ಕಿಂತ, ವೇಗಕ್ಕಿಂತ ಉಳಿತಾಯವನ್ನು ದೊಡ್ಡದೆಂದು ಬಗೆದ ಸಮಾಜದ ಹೆಮ್ಮೆಯೆಂದು ಓದುವುದು ಉಚಿತ.

ಈ ವಾಹನದ ಅವಸಾನಕ್ಕೆ ಹಲವು ಕಾರಣಗಳಿವೆ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ 100, ಅಂಥದೇ ಮಿತವ್ಯಯವನ್ನು ಹಗುರವಾದ ಪೆಟ್ರೋಲ್ ವಾಹನದಲ್ಲಿ ಒದಗಿಸಿತು. 2000ರಲ್ಲಿ ಹೊಗೆಯ ನಿಯಮಗಳು ಬಿಗಿಯಾದವು; ಆ ಹೊತ್ತಿಗೆ ಟಾರಸ್ ತಯಾರಿಕೆಯೂ ನಿಂತಿತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆ ಸರ್ಕಾರದ ನಿಯಂತ್ರಣದಿಂದ ಹೊರಬಂದಿತು. ತಯಾರಕರ ಮೂಲ ವಿವರಗಳನ್ನು ಮೀರಿ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಪ್ರಕರಣ ನಿರ್ಬಂಧಿಸುತ್ತದೆ. ಪರಿಸರ ಮತ್ತು ಸುರಕ್ಷತೆಗಳ ದೃಷ್ಟಿಯಿಂದ ಈ ನಿಯಮಗಳು ಅಗತ್ಯವೇ. ಆದರೆ ನಿಂತುಹೋದ ಯಂತ್ರದೊಂದಿಗೆ ಅದರ ತಿಳಿವಳಿಕೆಯೂ ದಾಖಲೆಯಿಲ್ಲದೆ ಅಳಿಯುತ್ತದೆ.

ಕರ್ನಾಟಕದ ಬಯಲುಸೀಮೆಗೆ ಇಂಥ ನಷ್ಟ ಹೊಸದಲ್ಲ. ಎತ್ತುಗಳು ತೊಗಲಿನ ಚೀಲದಿಂದ ನೀರೆತ್ತುತ್ತಿದ್ದ ಕಪಿಲೆ ಬಾವಿಗಳಿಗೆ ಪಂಪ್‌ಸೆಟ್ಟು ಬಂದಾಗ ಕಪಿಲೆಯ ಹಾಡುಗಳು ಸಂದರ್ಭವನ್ನೇ ಕಳೆದುಕೊಂಡವು. ಕಪಿಲೆಯನ್ನು ಮೂಲೆಗೆ ಸರಿಸಿದ ಡೀಸೆಲ್ ಎಂಜಿನ್ನೂ ಈಗ ವಿದ್ಯುತ್ ಮೋಟಾರಿಗೆ ಜಾಗ ಬಿಟ್ಟು ಹಿಂದೆ ಸರಿದಿದೆ. ವಸ್ತುಸಂಗ್ರಹಾಲಯದಲ್ಲಿ ಎಂಜಿನ್ನನ್ನು ಇರಿಸಬಹುದು. ಅದರ ಸದ್ದು ಕೇಳಿಯೇ ದೋಷವನ್ನು ಹೇಳುತ್ತಿದ್ದ ಕಿವಿಯನ್ನು ಇರಿಸಲಾಗದು. ಆ ಕಿವಿಯುಳ್ಳವರು ಬದುಕಿರುವಾಗಲೇ ಅವರ ಮಾತನ್ನು ಧ್ವನಿಮುದ್ರಿಸಿಕೊಳ್ಳುವ ಕ್ಷೇತ್ರಕಾರ್ಯ ತುರ್ತಾಗಿ ನಡೆಯಬೇಕಾಗಿದೆ.