ಅಮೀರಬಾಯಿ ಕರ್ನಾಟಕಿ

ನಾಟಕದಲ್ಲಿ ರಾಜನ ವೇಷ ಹಾಕಿದವನನ್ನು ಜನರು ಬಹುಕಾಲ ನೆನೆಯುವರು. ಆ ರಾಜನ ಸಿಂಹಾಸನದ ಬದಿಯಲ್ಲಿ ನಿಂತು ಕಥೆಯನ್ನು ಮುಂದಕ್ಕೆ ಸಾಗಿಸಿದ ದಾಸಿಯನ್ನೂ, ದೂತನನ್ನೂ, ಮುದಿ ತಾಯಿಯನ್ನೂ ಮನೆ ಮುಟ್ಟುವಷ್ಟರಲ್ಲಿಯೇ ಮರೆಯುವರು. ಆದರೆ ಇಂಥ ಪಾತ್ರಗಳಿಲ್ಲದೆ ಯಾವ ನಾಟಕವೂ ನಿಂತಿರುವದಿಲ್ಲ. ಬಿಜಾಪುರ ಸೀಮೆಯಲ್ಲಿ ಹುಟ್ಟಿ, ಮುಂಬಯಿಯ ಬೆಳ್ಳಿತೆರೆಯಲ್ಲಿ ಮೊದಲು ನಟಿಯಾಗಿ, ನಡುವೆ ಗಾಯಕಿಯಾಗಿ ದೇಶದ ಮೂಲೆಮೂಲೆಗೂ ತಲುಪಿ, ಕಡೆಗೆ ಮತ್ತೆ ಪೋಷಕ ಪಾತ್ರಗಳಿಗೆ ತಮ್ಮನ್ನು ಒಪ್ಪಿಸಿಕೊಂಡ ಅಮೀರಬಾಯಿ ಕರ್ನಾಟಕಿಯವರ ಜೀವನವು ಈ ಮಾತಿಗೆ ಒಳ್ಳೆಯ ನಿದರ್ಶನವಾಗಿದೆ.

ಹೊನವಾಡ, ತಿಕೋಟಾಗಳ ಕಡೆಯಿಂದ ವಿಜಯಪುರಕ್ಕೆ ಬರುವವರು ಊರು ಸಮೀಪಿಸುತ್ತಲೇ ತೊರವಿಯನ್ನು ದಾಟಬೇಕಾಗುವದು. ಇದೇ ತೊರವಿಯ ನರಸಿಂಹನ ಸನ್ನಿಧಿಯಲ್ಲಿ ನರಹರಿ ಕವಿಯು ರಾಮಾಯಣವನ್ನು ಕನ್ನಡದ ಷಟ್ಪದಿಯಲ್ಲಿ ಹಾಡಿದನು. ಇದೇ ತೊರವಿಯ ನೆರೆಯಲ್ಲಿ 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹೀಮ ಆದಿಲಶಹನು ಸಂಗೀತಕ್ಕಾಗಿಯೇ ನವರಸಪುರವೆಂಬ ಊರನ್ನು ಕಟ್ಟಲು ತೊಡಗಿದನು. ಈ ಸುಲ್ತಾನನು ತನ್ನ ಕೃತಿಯಲ್ಲಿ ಶಾರದೆಯನ್ನೂ ಗಣಪತಿಯನ್ನೂ ಸ್ತುತಿಸಿ 'ಜಗದ್ಗುರು' ಎನ್ನಿಸಿಕೊಂಡವನು. ರಾಮಕಥೆಯೂ ನಾದದ ಭಕ್ತಿಯೂ ಮತಭೇದವಿಲ್ಲದೆ ಬೆಳೆದ ಇಂಥ ನೆಲದಲ್ಲಿ, ಮುಸಲ್ಮಾನ ಮನೆತನದ ಹೆಣ್ಣುಮಗಳೊಬ್ಬಳು ಮುಂದೆ ವಿಷ್ಣುಭಕ್ತಿಯ ಚಿತ್ರದಿಂದ ತನ್ನ ತೆರೆಯ ಬಾಳನ್ನು ಆರಂಭಿಸಿದ್ದು ಸೋಜಿಗದ ಸಂಗತಿಯೇನೂ ಅಲ್ಲ.

ಅಮೀರಬಾಯಿಯವರು ಜನಿಸಿದ್ದು 20ನೆಯ ಶತಮಾನದ ಆರಂಭದ ವರ್ಷಗಳಲ್ಲಿ, ಬೀಳಗಿಯಲ್ಲಿ. ಆ ಊರು ಆಗ ಬಿಜಾಪುರ ಜಿಲ್ಲೆಗೆ ಸೇರಿತ್ತು. 1997ರಲ್ಲಿ ಜಿಲ್ಲೆಯು ಒಡೆದ ಮೇಲೆ ಬಾಗಲಕೋಟೆಯ ಪಾಲಿಗೆ ಹೋಯಿತು. ಮನೆಯಲ್ಲಿ ಸಂಗೀತ, ನಾಟಕಗಳ ನಂಟು ಇತ್ತು. ಐವರು ಅಕ್ಕತಂಗಿಯರಲ್ಲಿ ಅಮೀರಬಾಯಿಯೂ ಅಕ್ಕ ಗೋಹರಬಾಯಿಯೂ ಹಾಡು ಮತ್ತು ಅಭಿನಯಗಳನ್ನೇ ಬಾಳಿನ ದಾರಿಯನ್ನಾಗಿ ಮಾಡಿಕೊಂಡರು. ಶಿರಹಟ್ಟಿಯ ವೆಂಕೋಬರಾಯರು, ವಾಮನರಾವ ಮಾಸ್ತರರು, ಗದಗಿನ ಗರುಡ ಸದಾಶಿವರಾಯರು ತಮ್ಮ ತಮ್ಮ ಮಂಡಳಿಗಳನ್ನು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದ ಕಾಲವದು. ಜಾತ್ರೆ ಬಂದರೆ ತಗಡಿನ ಥಿಯೇಟರು ಏಳುವದು. ಚಕ್ಕಡಿ ಹೂಡಿಕೊಂಡು ಹಳ್ಳಿಯ ಜನ ಬರುವದು. ಬೆಳಗಾಗುವ ವರೆಗೆ ಆಟ ನಡೆಯುವದು. ಹೆಣ್ಣಿನ ಪಾತ್ರವನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ರಂಗದ ಮೇಲೆ ನಿಂತ ಹೆಂಗಸಿಗೆ ಚಪ್ಪಾಳೆ ದೊರೆಯುವದು ಸುಲಭ, ಮರ್ಯಾದೆ ದೊರೆಯುವದು ದುರ್ಲಭ.

ಇಲ್ಲಿ ಒಂದು ಐತಿಹಾಸಿಕ ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಬಿಜಾಪುರವು ಆಗ ಮುಂಬಯಿ ಇಲಾಖೆಯ ಜಿಲ್ಲೆ. ಈ ಭಾಗದ ಜನರಿಗೆ ರಾಜಧಾನಿಯೆಂದರೆ ಬೆಂಗಳೂರಲ್ಲ, ಮುಂಬಯಿ. ಕೋರ್ಟಿನ ಕೊನೆಯ ತೀರ್ಪು, ಕಾಲೇಜಿನ ಪದವಿ, ಅರಳೆಯ ಪೇಟೆ ಎಲ್ಲವೂ ಆ ದಿಕ್ಕಿಗೇ. ಹೋಟಗಿ-ಗದಗ ರೈಲುಮಾರ್ಗವು ವಿಜಯಪುರದ ಮೇಲೆ ಹಾದು ಸೊಲ್ಲಾಪುರದ ಕಡೆಗೆ ದಾರಿ ತೆರೆದಿತ್ತು. ಜತ್ತದ ಸೀಮೆಗೆ ಹೊಂದಿದ ಊರುಗಳಲ್ಲಿ ಮರಾಠಿಯೂ ಕನ್ನಡವೂ ಒಂದೇ ಕಟ್ಟೆಯ ಮೇಲೆ ಕೂಡುತ್ತಿದ್ದವು. ಆದುದರಿಂದ ಹರೆಯಕ್ಕೆ ಕಾಲಿಡುತ್ತಿದ್ದ ಅಮೀರಬಾಯಿಯವರು ಮುಂಬಯಿಗೆ ಹೊರಟದ್ದು ಪರದೇಶಕ್ಕೆ ಹೊರಟಂತೆ ಅಲ್ಲ. ಆ ಕಾಲದ ಬಿಜಾಪುರದವರು ಉದ್ಯೋಗವನ್ನರಸಿ ಹೋಗುತ್ತಿದ್ದ ದಾರಿಯಲ್ಲಿಯೇ ಅವರೂ ಹೋದರು. ಗ್ರಾಮೋಫೋನ ಕಂಪನಿಗಾಗಿ ಹಾಡಿದ ಕವ್ವಾಲಿಯೊಂದು ಅವರ ಕಂಠವನ್ನು ಅಲ್ಲಿಯ ಜನಕ್ಕೆ ಪರಿಚಯಿಸಿತು.

ಭಾರತದ ಮೊದಲ ಮಾತಿನ ಚಿತ್ರ 'ಆಲಂ ಆರಾ' ಬಂದದ್ದು 1931ರಲ್ಲಿ. ಕನ್ನಡದ 'ಸತಿ ಸುಲೋಚನಾ' 1934ರಲ್ಲಿ. ಅದೇ 1934ರಲ್ಲಿ ಅಕ್ಕನ ಸಲಹೆಯಂತೆ ಅಮೀರಬಾಯಿಯವರು 'ವಿಷ್ಣುಭಕ್ತಿ' ಎಂಬ ಹಿಂದಿ ಚಿತ್ರದಲ್ಲಿ ಕಾಣಿಸಿಕೊಂಡರು. ಆಗಿನ ಪದ್ಧತಿಯಲ್ಲಿ ಅಭಿನಯಿಸುವವರೇ ಹಾಡಬೇಕು. ಕಂಪನಿಯ ನಾಟಕದಲ್ಲಿ ಪಳಗಿದವರಿಗೆ ಇದು ಸಹಜವಾದ ಕೆಲಸ. ಆ ಕಾರಣದಿಂದಲೇ ಮೊದಲ ಮಾತಿನ ಚಿತ್ರಗಳು ನಾಟಕ ಮಂಡಳಿಗಳ ಬಾಗಿಲಿಗೆ ಹೋಗಿ ನಟನಟಿಯರನ್ನು ಕರೆತಂದವು. ಮುಂದಿನ 8-9 ವರ್ಷ ಅಮೀರಬಾಯಿಯವರು ಅಭಿನಯಿಸುತ್ತ, ಹಾಡುತ್ತ ದುಡಿದರು. ದೊಡ್ಡ ಕೀರ್ತಿಯೇನೂ ಬರಲಿಲ್ಲ. ವಿಜಯ ಭಟ್ಟರು 1940ರಲ್ಲಿ ತೆರೆಗೆ ತಂದ 'ನರಸೀ ಭಗತ'ದಲ್ಲಿ ವಿಷ್ಣುಪಂತ ಪಾಗನೀಸರೊಡನೆ ಇವರ ಭಕ್ತಿಯ ಕಂಠವೂ ಕೇಳಿಬಂದಿತು. ಅದೇ ನಿರ್ದೇಶಕರ 1943ರ 'ರಾಮರಾಜ್ಯ'ದ ತಾರಾಗಣದಲ್ಲಿಯೂ ಇವರು ಇದ್ದರು. ಗಾಂಧೀಜಿಯವರು ನೋಡಿದರೆಂದು ಆ ಚಿತ್ರದ ಹೆಸರು ಇತಿಹಾಸದಲ್ಲಿ ಉಳಿದಿದೆ. ಅದರಲ್ಲಿ ಸೀತೆಯಾದವರು ಶೋಭನಾ ಸಮರ್ಥರು, ರಾಮನಾದವರು ಪ್ರೇಮ ಅದೀಬರು. ಬೀಳಗಿಯ ಹೆಣ್ಣುಮಗಳಿಗೆ ದೊರೆತದ್ದು ಅವರ ಹಿಂದಿನ ಸಾಲು.

ಅಷ್ಟರಲ್ಲಿ ಚಿತ್ರೋದ್ಯಮದ ಕ್ರಮವೇ ಮಾರ್ಪಟ್ಟಿತ್ತು. 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸಿನವರು 'ಧೂಪ್ ಛಾಂವ್' ಚಿತ್ರದಲ್ಲಿ ಹಿನ್ನೆಲೆ ಗಾಯನವನ್ನು ಬಳಕೆಗೆ ತಂದ ಮೇಲೆ ಮುಖ ಒಬ್ಬರದು, ಕಂಠ ಮತ್ತೊಬ್ಬರದು ಎಂಬ ಹೊಸ ಪದ್ಧತಿ ಬೇರೂರಿತು. 1943ರಲ್ಲಿ ಬಾಂಬೆ ಟಾಕೀಜದ 'ಕಿಸ್ಮತ್' ಬಂದಿತು. ತೆರೆಯ ಮೇಲೆ ಮುಮತಾಜ ಶಾಂತಿ, ಕಂಠ ಅಮೀರಬಾಯಿಯವರದು. ಅನಿಲ ಬಿಸ್ವಾಸರು ರಾಗಕ್ಕೆ ಅಳವಡಿಸಿದ ಆ ಹಾಡುಗಳಲ್ಲಿ ಕವಿ ಪ್ರದೀಪರದೊಂದು ಇತ್ತು. ಈ ನಾಡು ನಮ್ಮದು, ಹೊರಗಿನವರು ದೂರ ಸರಿಯಲಿ ಎಂಬುದು ಅದರ ಭಾವ. ಯುದ್ಧದ ದಿನಗಳಾದುದರಿಂದ ಹಾಡಿನಲ್ಲಿ ಜರ್ಮನರ, ಜಪಾನಿಯರ ಹೆಸರನ್ನು ಎತ್ತಿ ಸರಕಾರದ ಪರೀಕ್ಷಕರ ಕಣ್ಣು ತಪ್ಪಿಸಲಾಗಿತ್ತು. ಆದರೆ 1942ರ ಚಳವಳಿಯ ಬಿಸಿ ಇನ್ನೂ ಆರಿರದ ಜನಕ್ಕೆ ಹೊರಗಿನವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಖಾನ ಮಸ್ತಾನರೊಡನೆ ಅಮೀರಬಾಯಿಯವರು ಅದನ್ನು ಹಾಡಿದರು. ಕಲಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಆ ಚಿತ್ರವು 3 ವರ್ಷಕ್ಕೂ ಮಿಕ್ಕಿ ನಡೆಯಿತು. ಸೆರೆಮನೆ ಕಾಣದ, ಭಾಷಣ ಮಾಡದ ಒಬ್ಬ ಕಲಾವಿದೆಯು ಸ್ವಾತಂತ್ರ್ಯದ ಮಾತನ್ನು ಇಷ್ಟು ಜನರ ಕಿವಿಗೆ ಮುಟ್ಟಿಸಿದ್ದು ಸಾಮಾನ್ಯ ಸೇವೆಯಲ್ಲ.

ಅನಂತರ 1944ರಲ್ಲಿ ನೌಶಾದರ 'ರತನ್', 1947ರಲ್ಲಿ ಸಿ. ರಾಮಚಂದ್ರರ 'ಶಹನಾಯಿ' ಹೀಗೆ ಒಂದರ ಹಿಂದೆ ಒಂದು ಬಂದವು. 1948ರ 'ಶಹನಾಜ್' ಚಿತ್ರಕ್ಕೆ ಅಮೀರಬಾಯಿಯವರು ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಂಗಸರು ಆ ಪೀಠದಲ್ಲಿ ಕುಳಿತದ್ದು ಅಂದು ತೀರ ಅಪರೂಪ. ಸ್ವದೇಶದಲ್ಲಿ ಅವರಿಗೆ 'ಕನ್ನಡ ಕೋಗಿಲೆ' ಎಂಬ ಬಿರುದು ಸಂದಿತು. ಮನೆಯೊಳಗಿನ ಬಾಳು ಮಾತ್ರ ಹೊರಗಿನ ಕೀರ್ತಿಯಂತೆ ಇರಲಿಲ್ಲ. ನಟ ಹಿಮಾಲಯವಾಲಾರೊಡನೆ ಆದ ಮೊದಲ ಮದುವೆಯು ದುಃಖವನ್ನೇ ತಂದು ವಿಚ್ಛೇದನದಲ್ಲಿ ಮುಗಿಯಿತು. ಆ ಬಳಿಕ ಪತ್ರಿಕಾ ಸಂಪಾದಕರಾದ ಬದ್ರಿ ಕಾಂಚವಾಲಾರನ್ನು ಅವರು ಕೈಹಿಡಿದರು. ಅಕ್ಕ ಗೋಹರಬಾಯಿಯವರು ಮರಾಠಿ ರಂಗಭೂಮಿಯ ಬಾಲಗಂಧರ್ವರ ಮಂಡಳಿಯನ್ನು ಸೇರಿ, ಆ ಮಹಾನಟನ ಇಳಿಗಾಲದಲ್ಲಿ ಜತೆಗಿದ್ದು ರಂಗವನ್ನು ನಡೆಸಿದರು. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳು ಎರಡು ಪರಭಾಷೆಗಳ ಕಲೆಯನ್ನು ತಮ್ಮದನ್ನಾಗಿಸಿಕೊಂಡರು.

ಕಾಲವು ಯಾರನ್ನೂ ಒಂದೇ ಮೆಟ್ಟಿಲ ಮೇಲೆ ನಿಲ್ಲಗೊಡುವದಿಲ್ಲ. 1949ರ 'ಮಹಲ್' ಚಿತ್ರದಿಂದ ಲತಾ ಮಂಗೇಶಕರರ ತೆಳುವಾದ, ಎತ್ತರದ ಕಂಠವು ದೇಶವನ್ನು ಗೆದ್ದಿತು. 1950ರ 'ಸಮಾಧಿ'ಯಲ್ಲಿ ಲತಾ ಮತ್ತು ಅಮೀರಬಾಯಿ ಕೂಡಿ ಹಾಡಿದ ಗೀತವು ಮನೆಮನೆಯ ಹಾಡಾಯಿತು. ಏರುವ ಕಂಠವೂ ಇಳಿಯುವ ಕಂಠವೂ ಅದರಲ್ಲಿ ಒಂದೇ ತಾಳಕ್ಕೆ ಹೆಜ್ಜೆ ಹಾಕಿದವು. ಬಯಲಿನಲ್ಲಿ ಕೂತ ಕಡೆಯ ಸಾಲಿನವನಿಗೂ ಮುಟ್ಟುವಂತೆ ಕಂಪನಿಯ ಕಾಲದಲ್ಲಿ ರೂಪುಗೊಂಡ ತುಂಬು ದನಿಗೆ ಧ್ವನಿಗ್ರಾಹಕ ಯಂತ್ರದ ಹೊಸ ಕಾಲದಲ್ಲಿ ಬೇಡಿಕೆ ಕಡಿಮೆಯಾಯಿತು.

ಇಂಥ ಸಮಯದಲ್ಲಿ ಅನೇಕರು ಮುನಿದು ಮನೆ ಸೇರುವರು. ಅಮೀರಬಾಯಿಯವರು ಹಾಗೆ ಮಾಡಲಿಲ್ಲ. ಮರಳಿ ಬಣ್ಣ ಹಚ್ಚಿಕೊಂಡು ಪೋಷಕ ಪಾತ್ರಗಳನ್ನು ಒಪ್ಪಿಕೊಂಡರು. ತಮ್ಮ ಕಂಠಕ್ಕೆ ತುಟಿಯಾಡಿಸುವ ನಾಯಿಕೆಯರನ್ನು ಕಂಡವರು, ಈಗ ಬೇರೆಯವರ ಕಂಠಕ್ಕೆ ತುಟಿಯಾಡಿಸುವ ಎಳೆಯ ನಾಯಿಕೆಯರ ಬದಿಯಲ್ಲಿ ನಿಂತರು. ಇದನ್ನು ಇಳಿತವೆನ್ನಲಾಗದು. ಕಂಪನಿಯ ನಾಟಕದ ಶಿಸ್ತಿನಲ್ಲಿ ಇಂದು ರಾಣಿಯಾದವಳು ನಾಳೆ ದಾಸಿಯಾಗುವದು ನಿತ್ಯದ ಮಾತು. ಬಣ್ಣದ ಪೆಟ್ಟಿಗೆ ಎಲ್ಲರದೂ ಒಂದೇ. ಉಪಪಾತ್ರದವರು ತಮ್ಮ ಮಾತಿನ ಸರದಿ ಬರುವ ತನಕ ಎದುರಿನವರ ಮಾತನ್ನು ನಿಜವಾಗಿ ಕೇಳಬೇಕು. ತಾವು ಮೆರೆಯದೆ ಅವರು ಮೆರೆಯುವಂತೆ ನಿಲ್ಲಬೇಕು. ಇದು ಕೀರ್ತಿಗಿಂತ ಕಠಿಣವಾದ ಸಾಧನೆ.

ಮತ್ತೊಂದು ವಿಚಾರವು ಚಿಂತನೆಗೆ ಯೋಗ್ಯವಾದದ್ದು. ಈ ಮಹಿಳೆಯು 'ಕರ್ನಾಟಕಿ' ಎಂದು ಹೆಸರಿಟ್ಟುಕೊಂಡಾಗ ಕರ್ನಾಟಕವೆಂಬ ರಾಜ್ಯವು ಯಾವ ಭೂಪಟದಲ್ಲಿಯೂ ಇರಲಿಲ್ಲ. ಬಿಜಾಪುರವು 1956ರ ನವೆಂಬರ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರಲ್ಲಿ. ಅಷ್ಟು ಹೊತ್ತಿಗೆ ಅಮೀರಬಾಯಿಯವರು ತೀರಿ 8 ವರ್ಷಗಳಾಗಿದ್ದವು. ಏಕೀಕರಣದ ಸಭೆಗಳಲ್ಲಿ ಠರಾವುಗಳು ಪಾಸಾಗುತ್ತಿದ್ದ ದಿನಗಳಲ್ಲಿ, ಮುಂಬಯಿ, ಕಲಕತ್ತೆ, ಲಾಹೋರಗಳ ಕೇಳುಗರು ಗ್ರಾಮೋಫೋನ ತಟ್ಟೆಯ ಮೇಲೆ ಆ ನಾಡಿನ ಹೆಸರನ್ನು ಓದುತ್ತಿದ್ದರು. ಬರೆದಿಟ್ಟದ್ದು ಒಬ್ಬ ಪಂಡಿತನಲ್ಲ, ಒಬ್ಬ ರಂಗದ ಹೆಣ್ಣುಮಗಳು.

1965ರ ಮಾರ್ಚಿನಲ್ಲಿ ಪಾರ್ಶ್ವವಾಯುವಿನಿಂದ ಅಮೀರಬಾಯಿಯವರು ತೀರಿಕೊಂಡರು. ದೇಹಕ್ಕೆ ಮಣ್ಣು ದೊರೆತದ್ದು ವಿಜಯಪುರದಲ್ಲಿ. ಅದೇ ಊರಿನಲ್ಲಿ ಅವರ ಹೆಸರು ಹೊತ್ತ ಅಮೀರ ಟಾಕೀಜವು ಬಹುಕಾಲ ಜನಕ್ಕೆ ಚಿತ್ರ ತೋರಿಸಿತು. ರಹಮತ್ ತರೀಕೆರೆಯವರು ಅವರ ಚರಿತ್ರೆಯನ್ನು ಕನ್ನಡದಲ್ಲಿ ಬರೆದು ಸಾಲದ ಒಂದು ಪಾಲನ್ನು ತೀರಿಸಿದ್ದಾರೆ. ಉಳಿದ ಪಾಲು ಈ ಸೀಮೆಯ ಮನೆಗಳಿಗೆ ಸೇರಿದ್ದು. ಗೋಳಗುಮ್ಮಟದ ಪ್ರತಿಧ್ವನಿಯನ್ನು ಮಕ್ಕಳಿಗೆ ಕೇಳಿಸುವ ತಾಯ್ತಂದೆಗಳು, ಇದೇ ಊರಿನ ಮಣ್ಣಿನಲ್ಲಿ ಮಲಗಿರುವ ಆ ಕಂಠವನ್ನೂ ಒಮ್ಮೆ ಕೇಳಿಸಿದರೆ, ಹಿಂದಿನ ಸಾಲಿನಲ್ಲಿ ನಿಂತವರಿಗೂ ಮರ್ಯಾದೆ ಸಂದಂತಾಗುವದು.