ಊರ ಕರ, ಊರ ಶಾಲೆ

ಮನೆಗಂದಾಯದ ಚೀಟಿ ಬಂದೊಡನೆ ಹಣ ಕಟ್ಟಿ ರಸೀತಿ ಪಡೆಯುವುದು ನಮ್ಮ ವಾಡಿಕೆ. ‘ಈ ಕಂದಾಯ ಇರಲೋ, ಬೇಡವೋ?’ ಎಂದು ನಮ್ಮನ್ನು ಕೇಳುವವರಿಲ್ಲ. ಅಮೆರಿಕದ ಅನೇಕ ಊರುಗಳಲ್ಲಾದರೋ ಈ ಪ್ರಶ್ನೆಯನ್ನು ಮತಪೆಟ್ಟಿಗೆಯ ಮೂಲಕ ಜನರನ್ನೇ ಕೇಳುತ್ತಾರೆ. ಏಕೆಂದರೆ, ಊರಿನ ಶಾಲೆ ನಡೆಯಬೇಕಾದುದು ಆ ಕರದಿಂದ.

ಇದರ ಬೇರು ಹಳೆಯದು. 1647ರಲ್ಲಿ ಮ್ಯಾಸಚೂಸೆಟ್ಸ್ ವಸಾಹತಿನವರು ಒಂದು ಶಾಸನ ಮಾಡಿದರು: 50 ಮನೆಗಳಿರುವ ಊರು ಓದುಬರಹ ಕಲಿಸುವ ಉಪಾಧ್ಯಾಯನೊಬ್ಬನನ್ನು ನೇಮಿಸಬೇಕು, 100 ಮನೆಗಳಾದರೆ ವ್ಯಾಕರಣಶಾಲೆಯನ್ನು ತೆರೆಯಬೇಕು. ಉಪಾಧ್ಯಾಯನ ಸಂಬಳವನ್ನು ಮಕ್ಕಳ ತಂದೆತಾಯಿಗಳು ಕೊಡಬಹುದು, ಇಲ್ಲವೇ ಊರವರೆಲ್ಲ ಕೂಡಿ ಕೊಡಬಹುದು. ‘ಊರವರೆಲ್ಲ’ ಎಂಬ ಆ ಮಾತಿನಲ್ಲಿಯೇ ಮುಂದಿನ ಶಾಲಾಕರದ ಬೀಜವಿದ್ದಿತು.

ಪರರ ಮಕ್ಕಳ ಓದಿಗೆ ನಾವೇಕೆ ತೆರಬೇಕು ಎಂಬ ಆಕ್ಷೇಪವೂ ಹುಟ್ಟದಿರಲಿಲ್ಲ. ಮಿಷಿಗನ್ ರಾಜ್ಯದ ಕಲಮಜೂ ಊರಿನಲ್ಲಿ ಕೆಲವು ತೆರಿಗೆದಾರರು, ಕರದ ಹಣದಿಂದ ಹೈಸ್ಕೂಲು ನಡೆಸುವುದು ಸಲ್ಲದೆಂದು ಕೋರ್ಟಿಗೆ ಹೋದರು. 1874ರಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು, ನ್ಯಾಯಮೂರ್ತಿ ಥಾಮಸ್ ಕೂಲಿಯವರು ಬರೆದ ತೀರ್ಪಿನಲ್ಲಿ, ಆ ವಾದವನ್ನು ತಳ್ಳಿಹಾಕಿತು.

ಕರ ಹಾಕಬಹುದೆಂದು ತೀರ್ಮಾನವಾದರೂ ಜನ ಒಪ್ಪಬೇಕಷ್ಟೆ! ಒಹಾಯೊ ರಾಜ್ಯದ ಯಂಗ್ಸ್‌ಟೌನ್ ಉಕ್ಕಿನ ಕಾರ್ಖಾನೆಗಳಿಗೆ ಹೆಸರಾಗಿದ್ದ ಪಟ್ಟಣ. ಹೆಚ್ಚಿನ ಶಾಲಾಕರವನ್ನು ಅಲ್ಲಿಯ ಮತದಾರರು ಮತ್ತೆ ಮತ್ತೆ ನಿರಾಕರಿಸಿದರು. 1968ರ ನವೆಂಬರ್ ಕೊನೆಯಲ್ಲಿ ಹಣವಿಲ್ಲದೆ ಶಾಲೆಗಳಿಗೆ ಬೀಗ ಬಿದ್ದಿತು. ಮಕ್ಕಳು ಹೊಸ ವರ್ಷದವರೆಗೆ ಮನೆಯಲ್ಲಿಯೇ ಉಳಿದರು.

1976ರಲ್ಲಿ ಒಹಾಯೊದಲ್ಲಿ ಮತ್ತೊಂದು ಶಾಸನ ಬಂದಿತು. ಮನೆಗಳ ಬೆಲೆ ಏರಿದರೂ, ಜನ ಮತವಿತ್ತು ಒಪ್ಪಿದ ಕರದ ಹುಟ್ಟುವಳಿ ಏರದಂತೆ ದರವನ್ನು ಇಳಿಸುವುದು ಅದರ ತಿರುಳು. ಮನೆಯೊಡೆಯನಿಗೆ ನೆಮ್ಮದಿಯಾಯಿತು, ನಿಜ. ಆದರೆ ಉಪಾಧ್ಯಾಯರ ಸಂಬಳ, ಕಟ್ಟಡದ ದುರಸ್ತಿ ಇವುಗಳ ವೆಚ್ಚ ನಿಂತಲ್ಲೇ ನಿಲ್ಲುವುದುಂಟೆ? ಶಾಲೆಯವರು ಪದೇ ಪದೇ ಜನರ ಮುಂದೆ ಹೋಗಬೇಕಾಯಿತು. ಅವಧಿ ಮುಗಿಯುವ ಕರವನ್ನು ನವೀಕರಿಸುವುದೆಂದರೆ ಹಿಂದಿನದನ್ನೇ ಮುಂದುವರಿಸುವುದು. ಆದರೂ ಬೇಡವೆಂಬ ಮತ ಹೆಚ್ಚಾದರೆ ಇದ್ದ ಆದಾಯವೂ ಹೋಯಿತು.

ಇನ್ನೊಂದು ತೊಡಕೂ ಉಂಟು. ನೆಲ ಬೆಲೆಬಾಳುವ ಊರಿನಲ್ಲಿ ಅಲ್ಪ ದರದಿಂದಲೂ ಬಹಳ ಹಣ ಕೂಡುತ್ತದೆ. ಬಡ ಊರಿನಲ್ಲಿ ದರ ಏರಿಸಿದರೂ ಸ್ವಲ್ಪವೇ. ಒಹಾಯೊದ ಪೆರಿ ಕೌಂಟಿಯಲ್ಲಿ 1991ರಲ್ಲಿ ಈ ಬಗ್ಗೆ ವ್ಯಾಜ್ಯ ಹೂಡಲಾಯಿತು. ಸ್ಥಳೀಯ ಆಸ್ತಿ ತೆರಿಗೆಯನ್ನೇ ಅತಿಯಾಗಿ ನೆಚ್ಚಿದ ವ್ಯವಸ್ಥೆ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು 1997ರಲ್ಲಿ ಸಾರಿತು. ತೀರ್ಪು ಬಂದಿತು, ಕರಕ್ಕಾಗಿ ಮತ ಕೇಳುವುದು ತಪ್ಪಲಿಲ್ಲ.

‘ಕರ’ ಎಂದರೆ ತೆರಿಗೆಯೂ ಹೌದು, ಕೈಯೂ ಹೌದು. ನೆರೆಮನೆಯ ಮಗುವಿಗಾಗಿ ಊರೇ ಕೈ ನೀಡಿದುದು ಈ ಚರಿತ್ರೆಯ ಹಿರಿಮೆ. ಮಗು ಹುಟ್ಟಿದ ಊರಿನ ನೆಲದ ಬೆಲೆಗೆ ತಕ್ಕಂತೆ ಆ ಕೈ ನೀಳವೋ ಮೋಟೋ ಆದುದು ಇದರ ಕೊರತೆ. ಊರಿನ ಅಭಿಮಾನ ಶಾಲೆಗೆ ಬಲವೇ ಸರಿ. ಆದರೆ ಬಡ ಊರಿನ ಮಗುವಿಗೆ ಇಡೀ ರಾಜ್ಯದ ಕೈಯೂ ಆಸರೆಯಾಗಬೇಕು.