ಗಿಟಾರಿನ ಬೆರಳುಹಲಗೆ: ಅದರ ಚರಿತ್ರೆಯೂ ರಕ್ಷಣೆಯೂ

ತಂತಿವಾದ್ಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅವುಗಳ ನಾದವನ್ನೂ ಅವನ್ನು ನುಡಿಸಿದ ವಿದ್ವಾಂಸರನ್ನೂ ಕುರಿತು ಹೇಳುವರು. ವಾದಕನ ಎಡಗೈ ಜೀವಮಾನವೆಲ್ಲ ಸವರುವ ಮರದ ಹಲಗೆಯ ಮಾತನ್ನು ಎತ್ತುವವರು ವಿರಳ. ಗಿಟಾರಿನ ದಂಡಿಯ ಮೇಲೆ, ತಂತಿಗಳ ಕೆಳಗೆ ಇರುವ ಈ ಭಾಗಕ್ಕೆ ಬೆರಳುಹಲಗೆಯೆಂದು ಹೆಸರಿಡಬಹುದು. ವಾದ್ಯದ ಒಡಲೆಲ್ಲವೂ ಮೆರುಗೆಣ್ಣೆಯಿಂದ ಹೊಳೆಯುತ್ತಿದ್ದರೂ ಈ ಹಲಗೆಯು ಬಹುಮಟ್ಟಿಗೆ ಬರಿಯ ಮರವಾಗಿಯೇ ಉಳಿದಿರುವುದು. ಅದನ್ನು ಶುಚಿಗೊಳಿಸಿ ಕಾಪಾಡುವ ಕೆಲಸವು ಸಣ್ಣದಾದರೂ, ಅದರ ಹಿಂದೆ ದೀರ್ಘವಾದ ಚರಿತ್ರೆಯುಂಟು.

16ನೆಯ ಶತಮಾನದ ಸ್ಪೇನಿನಲ್ಲಿ ಗಿಟಾರಿಗೆ ಒಡಹುಟ್ಟೆನ್ನಬಹುದಾದ ವಿಹುವೇಲವೆಂಬ ವಾದ್ಯವು ಆಸ್ಥಾನಗಳಲ್ಲಿ ಮೆರೆಯಿತು. ಲೂಯಿಸ್ ಮಿಲಾನನು ಅದಕ್ಕಾಗಿ ರಚಿಸಿದ ‘ಎಲ್ ಮಾಯೆಸ್ತ್ರೊ’ ಎಂಬ ಗ್ರಂಥವು 1536ರಲ್ಲಿ ವೆಲೆನ್ಸಿಯದಲ್ಲಿ ಅಚ್ಚಾಯಿತು. ಆ ಕಾಲದ ಮೆಟ್ಟಿಲುಗಳು ಲೋಹದವಲ್ಲ. ಪ್ರಾಣಿಗಳ ಕರುಳಿನಿಂದ ಮಾಡಿದ ಎಳೆಯನ್ನು ದಂಡಿಗೆ ಸುತ್ತಿ ಗಂಟುಹಾಕುತ್ತಿದ್ದರು. ಶ್ರುತಿಗೆ ತಕ್ಕಂತೆ ಅವನ್ನು ಜರುಗಿಸಬಹುದಾಗಿತ್ತು. ಸವೆದರೆ ಬಿಚ್ಚಿ ಬೇರೆ ಕಟ್ಟಬಹುದಾಗಿತ್ತು. ಬಿಚ್ಚಿದಾಗ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಅಡ್ಡಿಯಿಲ್ಲದೆ ಒರಸಬಹುದಾಗಿತ್ತು. ಕನ್ನಡಿಗರಿಗೆ ಪರಿಚಿತವಾದ ವೀಣೆಯಲ್ಲಿಯೂ 24 ಮೆಟ್ಟಿಲುಗಳು ಮರದೊಳಗೆ ನಾಟಿಕೊಳ್ಳದೆ, ಕಪ್ಪು ಬೆರೆಸಿದ ಮೇಣದ ಮೇಲೆ ನಿಲ್ಲುವುವು. ಮೇಣವು ಸಡಿಲಿದರೆ ಕುಶಲಿಯು ಅವನ್ನು ಕಿತ್ತು ಹೊಸದಾಗಿ ಕೂರಿಸುವನು.

ಗಿಟಾರಿನಲ್ಲಿ ಈ ಸ್ಥಿತಿಯು 18ನೆಯ ಶತಮಾನದ ಕೊನೆಯಿಂದ 19ನೆಯ ಶತಮಾನದ ಮೊದಲ ಭಾಗದೊಳಗೆ ಬದಲಾಯಿತು. ಜೋಡಿತಂತಿಗಳು ಹೋಗಿ ಆರು ಒಂಟಿತಂತಿಗಳು ಬಂದುವು. ಲಂಡನ್ನಿನ ಲೂಯಿ ಪನಾರ್ಮೊ ಮೊದಲಾದ ಶಿಲ್ಪಿಗಳ ಕಾಲದಲ್ಲಿ ಕರಿಮರ ಅಥವಾ ಬೀಟೆಜಾತಿಯ ಮರದ ಪ್ರತ್ಯೇಕ ಹಲಗೆಯನ್ನು ದಂಡಿಗೆ ಅಂಟಿಸಿ, ಅದರಲ್ಲಿ ಗರಗಸದಿಂದ ಸೀಳುಗಳನ್ನು ಕೊಯ್ದು, ಲೋಹದ ಮೆಟ್ಟಿಲುಗಳನ್ನು ಬಡಿದು ಕೂರಿಸುವ ಪದ್ಧತಿಯು ನೆಲೆಗೊಂಡಿತು. ಆಂಟೋನಿಯೊ ದೆ ಟೊರೆಸನು (1817–1892) ಇಂದಿನ ಗಿಟಾರಿನ ಆಕಾರವನ್ನು ನಿಲ್ಲಿಸಿದಾಗಲೂ ಈ ಕ್ರಮವೇ ಉಳಿಯಿತು. ಇದರಿಂದ ಸ್ವರವು ಸ್ಪಷ್ಟವಾಯಿತು. ಆದರೆ ಹಲಗೆಯು ಶಾಶ್ವತವಾಗಿ ಸಣ್ಣ ಸಣ್ಣ ಮನೆಗಳಾಗಿ ಒಡೆಯಿತು. ಬೆರಳಿನ ಬೆವರೂ ಜಿಡ್ಡೂ ಧೂಳಿನೊಡನೆ ಸೇರಿ ಮೆಟ್ಟಿಲುಗಳ ಬುಡದಲ್ಲಿ ಗಟ್ಟಿಯಾಗತೊಡಗಿದುವು.

ಹಲಗೆಗೂ ಮೆರುಗೆಣ್ಣೆಯನ್ನೇ ಬಳಿಯಬಾರದೇಕೆ ಎಂಬ ಪ್ರಶ್ನೆಗೆ ಅಮೆರಿಕದ ಅನುಭವವು ಉತ್ತರ ಕೊಡುವುದು. 1950ರಲ್ಲಿ ಲಿಯೊ ಫೆಂಡರನು ಮಾರುಕಟ್ಟೆಗೆ ತಂದ ವಿದ್ಯುತ್ ಗಿಟಾರಿನಲ್ಲಿ ದಂಡಿಯೂ ಬೆರಳುಹಲಗೆಯೂ ಒಂದೇ ಮೇಪಲ್ ಮರದವು, ಅವಕ್ಕೆ ಲೇಪವಿದ್ದಿತು. ಬೆರಳಾಡಿದೆಡೆಯಲ್ಲಿ ಲೇಪವು ಸವೆದು, ಬಿಳಿಯ ಮರಕ್ಕೆ ಕೊಳೆಯಿಳಿದು ಕಪ್ಪಾಗುತ್ತಿದ್ದಿತು. 1950ರ ದಶಕದ ಕೊನೆಯಲ್ಲಿ ಆ ಕಾರ್ಖಾನೆಯೂ ಬೀಟೆಯ ಹಲಗೆಗೆ ತಿರುಗಿತು. ಸಹಜವಾಗಿ ಗಟ್ಟಿಯೂ ಜಿಡ್ಡುಳ್ಳುದೂ ಆದ ಬೀಟೆಯು ಲೇಪವಿಲ್ಲದೆಯೇ ಬಾಳಬಲ್ಲುದು.

ಹೀಗೆ ಬರಿಯ ಮರವನ್ನು ಕಾಪಾಡುವ ಹೊಣೆ ವಾದಕನದಾಯಿತು. ಈ ವಿಷಯದಲ್ಲಿ ಬಹುಕಾಲದಿಂದ ಒಂದು ತಪ್ಪುಭಾವನೆ ರೂಢಿಯಲ್ಲಿದೆ: ಮರಕ್ಕೆ ಎಣ್ಣೆಯು ಆಹಾರವೆಂಬುದು. ಕೊಯ್ದ ಮರಕ್ಕೆ ಹಸಿವೆಲ್ಲಿಯದು? ಅದು ಗಾಳಿಯ ತೇವವನ್ನು ಹೀರುವುದು, ಬಿಡುವುದು. ಗಾಳಿ ಒಣಗಿದಾಗ ಹಲಗೆಯು ಅಡ್ಡಗಲಕ್ಕೆ ಕುಗ್ಗುವುದು. ಮೆಟ್ಟಿಲು ಕುಗ್ಗದುದರಿಂದ ಅದರ ತುದಿಯು ಹೊರಬಂದು ಕೈಗೆ ಚುಚ್ಚುವುದು. ಕೋಣೆಯ ಆರ್ದ್ರತೆಯನ್ನು ನೂರಕ್ಕೆ 45ರಿಂದ 55ರೊಳಗೆ ಇಡುವುದೇ ಇದಕ್ಕೆ ಮುಖ್ಯ ಪರಿಹಾರ. ತೆಳುವಾದ ಎಣ್ಣೆಯು ತೇವದ ಹೋಗುಬರುವಿಕೆಯನ್ನು ಸ್ವಲ್ಪ ನಿಧಾನಪಡಿಸುವುದಷ್ಟೆ. ಆದುದರಿಂದ ಮೊದಲು ತಂತಿಗಳನ್ನು ತೆಗೆದು, ಕೊಳೆಯನ್ನು ಚಪ್ಪಟೆಯಾದ ಮರದ ಚಕ್ಕೆಯಿಂದ ಮೆಲ್ಲನೆ ಕೆರೆದು, ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರಸಬೇಕು. ಬಳಿಕ ಖನಿಜತೈಲದ ಕೆಲವೇ ಹನಿಗಳನ್ನು ಸವರಿ, ಸ್ವಲ್ಪ ಹೊತ್ತಿನಲ್ಲಿಯೇ ಉಳಿದುದನ್ನೆಲ್ಲ ಒರಸಿಬಿಡಬೇಕು. ವರ್ಷಕ್ಕೆ ಒಂದೆರಡು ಸಲ ಸಾಕು. ಅಡುಗೆಯ ಎಣ್ಣೆಗಳು ಕಮಟುಹಿಡಿಯುವುವು. ಅಗಸೆಯೆಣ್ಣೆಯು ಒಣಗಿ ಪೊರೆಗಟ್ಟುವುದು. ಲೇಪವುಳ್ಳ ಮೇಪಲ್ ಹಲಗೆಗಾದರೆ ಎಣ್ಣೆಯೇ ಬೇಡ.

ಈ ಎಚ್ಚರಿಕೆಗೆ ಇಂದು ಹೊಸದೊಂದು ಕಾರಣವುಂಟು. ಒಳ್ಳೆಯ ಗಿಟಾರುಗಳಿಗೆ ಹಿಂದೆ ಬಹುವಾಗಿ ಬಳಸುತ್ತಿದ್ದುದು ಬ್ರೆಜಿಲ್ಲಿನ ಬೀಟೆ. ಅದು ದುರ್ಲಭವಾಗಲು, 1969ರಲ್ಲಿ ಅಮೆರಿಕದ ಮಾರ್ಟಿನ್ ಕಾರ್ಖಾನೆಯು ಭಾರತದ ಬೀಟೆಗೆ ಕೈಚಾಚಿತು. ಮಲೆನಾಡಿನ ಕಾಡುಗಳಲ್ಲಿ ಬೆಳೆಯುವ ಜಾತಿಯೇ ಇದು. ಬ್ರೆಜಿಲ್ಲಿನ ಬೀಟೆಯ ವ್ಯಾಪಾರವನ್ನು 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವು ನಿಷೇಧಿಸಿತು. 2017ರಲ್ಲಿ ಬೀಟೆಯ ಕುಲದ ಉಳಿದೆಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಪರವಾನಗಿ ಬೇಕಾಯಿತು. ನಿಷೇಧಕ್ಕೊಳಗಾದ ಬ್ರೆಜಿಲ್ಲಿನ ಜಾತಿಯ ಹೊರತು, ಸಿದ್ಧವಾದ ವಾದ್ಯಗಳಿಗೆ ಮಾತ್ರ 2019ರಲ್ಲಿ ಬಿಡುಗಡೆ ದೊರೆಯಿತು.

ಬೀಟೆಯು ಬಲು ನಿಧಾನವಾಗಿ ಬಲಿಯುವ ಮರ. ಮೊಮ್ಮಕ್ಕಳ ಕಾಲಕ್ಕೆ ಅಂತಹ ಹಲಗೆ ಹೊಸದಾಗಿ ದೊರೆಯುವುದೋ ಇಲ್ಲವೋ, ಈಗಾಗಲೇ ವಾದ್ಯವಾಗಿರುವುದನ್ನು ಉಳಿಸುವುದು ಮನೆಯವರ ಕೈಯಲ್ಲಿಯೇ ಇದೆ. ಅದಕ್ಕೆ ಬೇಕಾದುದು ಒಂದು ಬಟ್ಟೆ, ಕೆಲವು ಹನಿ ಎಣ್ಣೆ, ಅರ್ಧ ಗಂಟೆಯ ತಾಳ್ಮೆ.